ಹನ್ನೊಂದನೆಯ ರೊಟ್ಟಿ

ಇದು ಆಗದ ಕೆಲಸ ಎಂದು ಹೇಳಿದವರು ನಮ್ಮ ಸೋದರಮಾವ. ಹೇಳಿದ್ದು ರಂಗಂಪೇಟೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ದವಡೆಗೆ ಅಡಿಕೆ ಒತ್ತಿಕೊಂಡು, ಅವ್ವನ ಮುಂದೆ.

"ಅಕ್ಕಾ, ನಾ ಮೂವತ್ತು ವರ್ಷ ಆಫೀಸ್ನ್ಯಾಗ ಜವಾನಕಿ ಮಾಡೀನಿ. ಪಗಾರ ಇರೂ ನೌಕರಿಗೆ ಅರ್ಜಿ ಹಾಕಿ ರಿಜೆಕ್ಟ್ ಆದವ್ರನ್ನ ಭಾಳ ಮಂದಿ ನೋಡೀನಿ. ಪಗಾರೇ ಇಲ್ಲದ ನೌಕರಿಗೆ ಅರ್ಜಿ ಹಾಕಿ ರಿಜೆಕ್ಟ್ ಆಗೂದಂದ್ರ ನಿನ್ನ ಮಗಳೊಬ್ಬಾಕಿನೇ."

ನಾನು ಇನ್ನೂ ರಿಜೆಕ್ಟ್ ಆಗಿರಲಿಲ್ಲ. ಆದರೆ ಮಾವ ಭವಿಷ್ಯ ಹೇಳುವುದರಲ್ಲಿ ಯಾವಾಗಲೂ ಮುಂದು. ನಾನು ಹತ್ತನೆಯ ತರಗತಿ ಪಾಸಾಗುವುದಿಲ್ಲ ಎಂದಿದ್ದರು; ಆದೆ. ಪಿಯುಸಿ ಆಗುವುದಿಲ್ಲ ಎಂದಿದ್ದರು. ಇಂಗ್ಲಿಷಿನಲ್ಲಿ ಒಮ್ಮೆ ಬಿದ್ದು, ಮೈ ಕೊಡವಿಕೊಂಡು ಎದ್ದು, ಅದನ್ನೂ ಮುಗಿಸಿದೆ. ಡಿಗ್ರಿಯಂತೂ ನಮ್ಮ ಎರಡೂ ಕಡೆಯ ಬಳಗದಲ್ಲಿ ಯಾರೂ ಮಾಡಿರಲಿಲ್ಲ. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವ ಸುರಪುರದ ಒಂದು ಖಾನಾವಳಿಗೆ ದಿನಾ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. ಅವಳಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು ಬರುತ್ತದೆ. ಪದವಿ ಪ್ರಮಾಣಪತ್ರ ಮನೆಗೆ ಬಂದ ದಿನ ಮಾವ ಅದನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಮೊಹರಿನ ಮೇಲೆ ಬೆರಳಿಟ್ಟು, "ಸಿಕ್ಕಾ ಅಸಲಿ ಅದ" ಎಂದು ತೀರ್ಪು ಕೊಟ್ಟು, ಊಟಕ್ಕೆ ಕೂತರು. ಅಭಿನಂದನೆ ಎಂದರೆ ಅಷ್ಟೇ. ಮಾವನ ಲೋಕದಲ್ಲಿ ದುಂಡು ಸಿಕ್ಕಾ ಇಲ್ಲದ್ದು ಯಾವುದೂ ನಡೆದಿಲ್ಲ.

ಇನ್ನು ಆ ಪಗಾರವಿಲ್ಲದ ನೌಕರಿಯ ವಿಷಯ ಹೇಳುತ್ತೇನೆ.

ಡಿಗ್ರಿಯಾದ ಮೇಲೆ ನಾನು ಶಹಾಪುರದ ಒಂದು ಟೈಪಿಂಗ್ ಕೇಂದ್ರದಲ್ಲಿ ಕಲಿಸುವ ಕೆಲಸಕ್ಕೆ ಸೇರಿದೆ. ಹನ್ನೊಂದು ಕಂಪ್ಯೂಟರುಗಳು. ಅವುಗಳಲ್ಲಿ ನಾಲ್ಕಕ್ಕೆ ತಲೆಗೆ ತಟ್ಟಿದರೆ ಮಾತ್ರ ಎಚ್ಚರ. ಅಷ್ಟು ಹಳೆಯ ಯಂತ್ರಗಳ ಮೇಲೆ ದುಬಾರಿ ವ್ಯವಸ್ಥೆಗಳು ಓಡುವುದಿಲ್ಲ. ಓಡುವುದು ಒಂದೇ: ಲೋಕದ ನಾನಾ ಮೂಲೆಯ ಸ್ವಯಂಸೇವಕರು ಸೇರಿ ಕಟ್ಟಿ, ಎಲ್ಲರಿಗೂ ಪುಕ್ಕಟೆ ಹಂಚುವ ವ್ಯವಸ್ಥೆ. ಅದರೊಳಗೆ ಸಾವಿರಾರು ತಂತ್ರಾಂಶಗಳು ಒಂದೊಂದು ಪೊಟ್ಟಣದ ಹಾಗೆ ಇರುತ್ತವೆ. ಅವಕ್ಕೆ ಪ್ಯಾಕೇಜ್ ಎನ್ನುತ್ತಾರೆ. ಪೊಟ್ಟಣದ ಮೇಲೆ ಒಂದು ಚೀಟಿ: ಇದರೊಳಗೆ ಏನಿದೆ, ಇದು ಓಡಲು ಇನ್ನೇನು ಬೇಕು, ಇದನ್ನು ನೋಡಿಕೊಳ್ಳುವವರು ಯಾರು. ನೋಡಿಕೊಳ್ಳುವವರು ಸುಸ್ತಾಗಿ ಬಿಟ್ಟುಹೋದರೆ ಚೀಟಿಯ ಮೇಲೆ "ಅನಾಥ" ಎಂದು ಬರೆಯುತ್ತಾರೆ.

ನಮ್ಮ ಕೇಂದ್ರದಲ್ಲಿ ಹುಡುಗಿಯರು ಕನ್ನಡ ಟೈಪಿಂಗ್ ಅಭ್ಯಾಸ ಮಾಡುತ್ತಿದ್ದದ್ದು ಅಂಥ ಒಂದು ಪುಟ್ಟ ಪ್ಯಾಕೇಜಿನಲ್ಲಿ. ಪರದೆಯ ಮೇಲಿನಿಂದ ಅಕ್ಷರಗಳು ಬೀಳುತ್ತವೆ; ಕೆಳಗೆ ತಲುಪುವುದರೊಳಗೆ ಅದೇ ಕೀಲಿ ಒತ್ತಬೇಕು. ಒಂದು ಸಲ ವ್ಯವಸ್ಥೆ ಹೊಸದಾಯಿತು. ಚಿತ್ರ ಬಿಡಿಸುವ ಒಳಗಿನ ಯಾವುದೋ ಭಾಗ ಬದಲಾಗಿ, ಮರುದಿನ ಬೆಳಿಗ್ಗೆ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಹಾರತೊಡಗಿದವು. ಹನ್ನೊಂದೂ ಪರದೆಗಳಲ್ಲಿ ಕಾಗುಣಿತವೆಲ್ಲ ಗುಬ್ಬಿಗಳ ಹಾಗೆ ಆಕಾಶಕ್ಕೆ. ಹುಡುಗಿಯರಿಗೆ ಭಾರಿ ಖುಷಿ.

"ಮೇಡಂ, ಹಿಂಗೇ ಇರ್ಲಿ ಬಿಡ್ರಿ. ಬೀಳೂದ್ಕಿಂತ ಹಾರೂದು ಚಲೋ."

ಪರೀಕ್ಷೆಯಲ್ಲಿ ಹಾರುವುದಿಲ್ಲವಲ್ಲ. ನಾನು ಚೀಟಿ ನೋಡಿದೆ. "ಅನಾಥ" ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಹೊಸ ಭಾಗಗಳ ಜೊತೆ ಹೊಂದದ ಈ ಪ್ಯಾಕೇಜನ್ನು ಯಾರೂ ಸರಿಪಡಿಸದಿದ್ದರೆ ಮುಂದಿನ ಆವೃತ್ತಿಯಿಂದ ಕೈಬಿಡಲಾಗುವುದು. ನಮ್ಮ ಯಂತ್ರಗಳ ಮೇಲೆ ಓಡುವ ಕನ್ನಡ ಅಭ್ಯಾಸದ ಪ್ಯಾಕೇಜ್ ಅದೊಂದೇ. ಅದು ಹೋದರೆ ಕನ್ನಡದ ಬ್ಯಾಚು ಹೋದಂತೆ. ನಾನು "ಇನ್ನು ಮುಂದೆ ನಾನು ನೋಡಿಕೊಳ್ಳುತ್ತೇನೆ" ಎಂದು ಬರೆದು ಕಳಿಸಿದೆ. ಬರೆಯುವಾಗ ನೋಡಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕೈಹಾಕುವುದು ನನಗೆ ಹೊಸದಲ್ಲ. ಹಾಗೆ ನೋಡಿದರೆ ಡಿಗ್ರಿಗೂ ಹಾಗೇ ಸೇರಿದ್ದೆ.

ಅಕ್ಷರಗಳನ್ನು ಮತ್ತೆ ನೆಲಕ್ಕೆ ಇಳಿಸಲು ಮೂರು ವಾರ ಬೇಕಾಯಿತು. ಬದಲಿಸಬೇಕಾಗಿದ್ದದ್ದು ಒಂದು ಧನ ಚಿಹ್ನೆಯನ್ನು ಋಣ ಚಿಹ್ನೆಯಾಗಿ. ಉಳಿದ ಸಮಯವೆಲ್ಲ ಅದು ಯಾವ ಚಿಹ್ನೆ ಎಂದು ಹುಡುಕುವುದಕ್ಕೆ. ಆದರೆ ಸರಿಪಡಿಸಿದ ಮಾತ್ರಕ್ಕೆ ಆಗುವುದಿಲ್ಲ. ಸರಿಪಡಿಸಿದ್ದನ್ನು ಒಳಗೆ ಸೇರಿಸುವ ಹಕ್ಕು ಹೊಸಬರಿಗೆ ಇರುವುದಿಲ್ಲ. ಹಳೆಯ ಸದಸ್ಯರೊಬ್ಬರು ನೋಡಿ ಸೇರಿಸಬೇಕು. ನನಗೆ ಸಿಕ್ಕ ಹಳೆಯ ಸದಸ್ಯರು ಹಿಮ ಬೀಳುವ ಯಾವುದೋ ದೇಶದವರು. ವಿವರಣೆಯ ನಾಲ್ಕನೆಯ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಹೆಚ್ಚಿದೆ ಎಂದು ಬರೆದರು. ಅಳಿಸಿದೆ. ಈಗ ಏಳನೆಯ ಸಾಲಿನಲ್ಲಿ ಒಂದು ಕಡಿಮೆ ಇದೆ ಎಂದು ಬರೆದರು. ಹಾಕಿದೆ. ಆಮೇಲೆ ರಜೆಗೆ ಹೋದರು. ಎರಡು ತಿಂಗಳು ಬರಲಿಲ್ಲ. ಅಷ್ಟು ದಿನ ರಜೆ ಕೊಡುವ ದೇಶ ಯಾವುದು ಎಂದು ಮಾವ ಆಸಕ್ತಿಯಿಂದ ವಿಚಾರಿಸಿದರು.

ಉಳಿದದ್ದು ಒಂದೇ ದಾರಿ: ನನ್ನ ಪ್ಯಾಕೇಜನ್ನು ನಾನೇ ಸೇರಿಸುವ ಹಕ್ಕು ಪಡೆಯುವುದು. ಅದಕ್ಕೆ ಒಂದು ಪದ್ಧತಿ ಇದೆ. ಪ್ರತಿಯೊಬ್ಬರಿಗೂ ಕಂಪ್ಯೂಟರಿನಲ್ಲಿ ಮಾಡಿದ ಒಂದು ಗುಪ್ತ ಕೀಲಿ ಇರುತ್ತದೆ. ಸಹಿ ಹಾಕಲು ಅದೇ. ಆ ಕೀಲಿಗೆ ನಲವತ್ತು ಅಂಕಿ-ಅಕ್ಷರಗಳ ಗುರುತು, ನಾಲ್ಕು ನಾಲ್ಕರ ಹತ್ತು ಗುಂಪು. ಹಳೆಯ ಸದಸ್ಯರೊಬ್ಬರು ನನ್ನನ್ನು ಎದುರಿಗೆ ಕಂಡು, ಗುರುತಿನ ಚೀಟಿ ನೋಡಿ, ಆ ನಲವತ್ತನ್ನೂ ನನ್ನಿಂದಲೇ ಪಡೆದು, ತಮ್ಮ ಬಳಿ ಇರುವುದಕ್ಕೆ ತಾಳೆ ಹಾಕಿ, "ಹೌದು, ಈ ಕೀಲಿ ಈಕೆಯದೇ" ಎಂದು ಸಹಿ ಹಾಕಬೇಕು. ಮಿಂಚಂಚೆಯಲ್ಲಿ ನಡೆಯುವುದಿಲ್ಲ. ಖುದ್ದು ಭೇಟಿಯೇ ಆಗಬೇಕು.

ಯಾದಗಿರಿ ಜಿಲ್ಲೆಯಲ್ಲಿ ಅಂಥ ಸದಸ್ಯರು ಒಬ್ಬರೂ ಇರಲಿಲ್ಲ. ಹುಡುಕಿ ಹುಡುಕಿ ಸಿಕ್ಕವರು ಸೊಲ್ಲಾಪುರದ ಒಬ್ಬ ನಿವೃತ್ತ ಮೇಷ್ಟ್ರು. ಬರೆದರೆ ಕೂಡಲೇ ಉತ್ತರ: "ನಾನು ಮುಂದಿನ ವಾರ ಚೆನ್ನೈಗೆ, ಮಗಳ ಮನೆಗೆ ಹೊರಟೆ. ಆರು ತಿಂಗಳು ಬರುವುದಿಲ್ಲ. ಆದರೆ ನನ್ನ ರೈಲು ಯಾದಗಿರಿಯಲ್ಲಿ ಎರಡು ನಿಮಿಷ ನಿಲ್ಲುತ್ತದೆ." ಪ್ಯಾಕೇಜ್ ಕೈಬಿಡುವ ಗಡುವಿಗೆ ಉಳಿದಿದ್ದದ್ದು ಒಂದೂವರೆ ತಿಂಗಳು. ಹಾಗಾಗಿ ನನ್ನ ಪಾಲಿಗೆ ಇದ್ದದ್ದು ಆ ಎರಡು ನಿಮಿಷ, ಅಷ್ಟೇ.

ಅದೇ ರೈಲು ಹತ್ತಿ ರಾಯಚೂರಿನ ತನಕ ಅವರ ಜೊತೆ ಹೋಗಿ, ಆರಾಮಾಗಿ ಮುಗಿಸಿ ಬರಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಹೌದು, ಬರಬಹುದಿತ್ತು. ಆಗ ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ರೈಲಿನ ಬಗ್ಗೆ ಇರುವ ತಿಳಿವಳಿಕೆ ಒಂದೇ: ಪರಿಚಯದವರು ಯಾರಾದರೂ ಯಾದಗಿರಿ ದಾಟಿ ಹೋಗುತ್ತಿದ್ದರೆ ಸ್ಟೇಷನ್ನಿಗೆ ಹೋಗಿ ಬುತ್ತಿ ಕೊಟ್ಟು ಬರುವುದು.

"ಎಷ್ಟು ರೊಟ್ಟಿ ಉಣ್ತಾರ ಅವ್ರು?" ಎಂದು ಅವ್ವ ಕೇಳಿದಳು.

"ಯವ್ವಾ, ಅವರು ನನ್ನ ಕೀಲಿ ನೋಡಾಕ ಬರಾಕತ್ತಾರ, ಉಣ್ಣಾಕ ಅಲ್ಲ."

"ಸೊಲ್ಲಾಪುರದಿಂದ ಮದ್ರಾಸಿಗಿ ಉಪಾಸ ಹೋಗ್ತಾರೇನು? ಹತ್ತು ಒಯ್ಯೂಣು."

ಆ ವಾರವಿಡೀ ಬೆಳಿಗ್ಗೆ ನಾನು ಒಲೆಯ ಹತ್ತಿರ ಕೂತು ಆ ನಲವತ್ತನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದೆ. ಎರಡೇ ನಿಮಿಷದಲ್ಲಿ ತಡವರಿಸಬಾರದಲ್ಲ. ನಾನು ನಾಲ್ಕು ಓದುವಷ್ಟರಲ್ಲಿ ಅವ್ವನ ಒಂದು ರೊಟ್ಟಿ ಮುಗಿಯುತ್ತಿತ್ತು. "ಏಳು, ಬಿ, ಮೂರು, ಸೊನ್ನೆ," ರೊಟ್ಟಿ ಹಂಚಿಗೆ. "ಸಿ, ಸಿ, ಒಂದು, ಎಂಟು," ಮುಂದಿನದು. ಹತ್ತು ಗುಂಪು, ಹತ್ತು ರೊಟ್ಟಿ. ಮೂರನೆಯ ದಿನದ ಹೊತ್ತಿಗೆ ನಾನು ಕೆಮ್ಮಿ ನಿಲ್ಲಿಸಿದರೆ ಅವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು.

ಮಾವನಿಗೆ ಒಂದು ಸಣ್ಣ ಕೆಲಸ ಒಪ್ಪಿಸಿದೆ. ಅದೇ ನನ್ನ ತಪ್ಪು. ಗುರುತನ್ನು ಒಂದು ಹಾಳೆಯಲ್ಲಿ ಎಂಟು ಚೀಟಿಗಳಾಗಿ ಮುದ್ರಿಸಿದ್ದೆ, ಒಂದು ಕಳೆದರೆ ಇನ್ನೊಂದು ಇರಲಿ ಎಂದು. "ಕತ್ತರಿಸಿ ಫೈಲಿನೊಳಗೆ ಇಡ್ರಿ ಮಾವ" ಎಂದು ಕೊಟ್ಟೆ. ಮೂವತ್ತು ವರ್ಷ ಫೈಲು ಹೊತ್ತವರು, ಇದನ್ನಾದರೂ ಜೋಪಾನ ಮಾಡುತ್ತಾರೆಂದುಕೊಂಡೆ.

ಆ ದಿನ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದೆವು. ಅವ್ವನ ಬಗಲಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ, ಒಣಗಿ ಗರಿಗರಿಯಾದ ಕಟಕ ರೊಟ್ಟಿ, ಮೇಲೊಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಮಾವನ ಬಗಲಲ್ಲಿ ಫೈಲು. ನನ್ನ ಮೊಬೈಲು ಮಾವನ ಕೈಯಲ್ಲಿ. ರೈಲು ಎಲ್ಲಿದೆ ಎಂದು ತೋರಿಸುವ ಆ್ಯಪನ್ನು ಶಹಾಪುರದಿಂದಲೇ ಹಿಡಿದು ಕೂತಿದ್ದರು. ಭೀಮಾ ಸೇತುವೆಯ ಮೇಲೆ ಬಸ್ಸು ಬಂದಾಗ, "ರೈಲು ವಾಡಿ ಬಿಟ್ಟದ!" ಎಂದು ಕೂಗಿದರು. ಇಡೀ ಬಸ್ಸು ತಿರುಗಿ ನೋಡಿತು. ಯಾದಗಿರಿ ಸ್ಟೇಷನ್ ಮುಟ್ಟುವ ಹೊತ್ತಿಗೆ ಮೊಬೈಲು ಕಣ್ಣು ಮುಚ್ಚಿತ್ತು.

"ಚಾರ್ಜ್ ಖತಂ ಆತು" ಎಂದರು ಮಾವ, ಅದು ಮೊಬೈಲಿನ ಸ್ವಭಾವದ ದೋಷ ಎಂಬಂತೆ.

ಇರಲಿ, ಚೀಟಿಗಳಿವೆ ಎಂದುಕೊಂಡೆ. "ಕೊಡ್ರಿ ಮಾವ, ಒಂದು ಕೈಯಾಗ ಹಿಡ್ಕೊಂಡಿರ್ತೀನಿ."

ಮಾವ ಫೈಲು ಬಿಚ್ಚಿ, ಹೊಸ ಸೀರೆ ತೋರಿಸುವ ಅಂಗಡಿಯವರ ಹಾಗೆ ಎಂಟೂ ಚೀಟಿಗಳನ್ನು ನನ್ನ ಮುಂದೆ ಹರವಿದರು. ಎಂಟರ ಮೇಲೂ ನಟ್ಟನಡುವೆ ಒಂದೊಂದು ದುಂಡು ಸಿಕ್ಕಾ. ಅದರ ಮೇಲೆ ಹಸಿರು ಶಾಯಿಯಲ್ಲಿ ಅಡ್ಡಡ್ಡ ಸಹಿ. ಪಕ್ಕದಲ್ಲಿ "ಮೂಲ ಪ್ರತಿಯೊಂದಿಗೆ ಪರಿಶೀಲಿಸಿದೆ". ನನ್ನ ನಲವತ್ತರಲ್ಲಿ ಓದಲು ಸಿಗುತ್ತಿದ್ದದ್ದು ಆ ತುದಿಯ ಒಂದು, ಈ ತುದಿಯ ಎರಡು.

"ಏನ್ ಮಾಡೀರಿ ಮಾವ ಇದು?"

"ಅಟೆಸ್ಟ್ ಮಾಡ್ಸೀನಿ! ಗೆಜೆಟೆಡ್ ಸಾಹೇಬ್ರ ಮನಿಗೇ ಹೋಗಿ. ಎರಡು ತಾಸು ಕುಂತೀನಿ. ಸಾದಾ ಚೀಟಿ ತೋರ್ಸಿದ್ರ ಯಾರ್ ನಂಬ್ತಾರ?"

"ಸಿಕ್ಕಾ ಬದೀಗಿ ಹಾಕಾಕ ಬರ್ತಿರ್ಲಿಲ್ಲೇನು?"

"ಬದೀಗಿ ಹಾಕಿದ್ರ ಕತ್ತರಿಸಿ ನಕಲಿ ಮಾಡ್ತಾರ. ನಡುವ ಹಾಕ್ರಿ ಅಂತ ನಾನೇ ಹೇಳೀನಿ."

ಸಾಹೇಬರು ಅದನ್ನು ಯಾವ ಮೂಲ ಪ್ರತಿಯೊಂದಿಗೆ ಪರಿಶೀಲಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳುವಷ್ಟರಲ್ಲಿ ರೈಲು ಬಂತು.

ಮೇಷ್ಟ್ರು ಸ್ಲೀಪರ್ ಡಬ್ಬಿಯ ಕಿಟಕಿಯಲ್ಲಿ ತಯಾರಾಗಿ ಕೂತಿದ್ದರು. ಕನ್ನಡಕ, ತೆಳ್ಳನೆಯ ದೇಹ, ಕೈಯಲ್ಲಿ ಪೆನ್ಸಿಲು, ತೊಡೆಯ ಮೇಲೆ ನನ್ನ ಕೀಲಿಯ ಗುರುತು ಬರೆದ ಅವರದೇ ಹಾಳೆ. "ನೀವೇ ಏನ್ರಿ? ಗುರುತಿನ ಚೀಟಿ ಒಂದು ತೋರ್ಸ್ರಿ" ಎಂದರು, ಸೊಲ್ಲಾಪುರದ ಕನ್ನಡದಲ್ಲಿ.

ನಾನು ಪರ್ಸಿಗೆ ಕೈಹಾಕುವ ಮೊದಲೇ ಮಾವ ಕಿಟಕಿಯ ಸರಳುಗಳ ನಡುವೆ ಕಾಗದ ತೂರಿಸತೊಡಗಿದರು. "ತಗೋರಿ ಸರ್, ರೇಷನ್ ಕಾರ್ಡ್. ತಗೋರಿ, ಆದಾಯ ಪ್ರಮಾಣಪತ್ರ. ಟೀಸಿ ಅದ. ನಡತಿ ಪ್ರಮಾಣಪತ್ರ ಅದ, ನಡತಿ ಭಾಳ ಚಲೋ ಅದ ಸರ್ ಹುಡುಗೀದು."

"ಒಂದೇ ಸಾಕ್ರಿ!" ಎಂದು ಮೇಷ್ಟ್ರು ಕಾಗದಗಳ ಕೆಳಗಿನಿಂದ ಕೂಗಿದರು. ಆ ರಾಶಿಯಲ್ಲಿ ನನ್ನ ಭಾವಚಿತ್ರವಿದ್ದ ಚೀಟಿ ಹುಡುಕಿ, ನನ್ನ ಮುಖವನ್ನೂ ಅದನ್ನೂ ಎರಡೆರಡು ಸಲ ನೋಡಿ, "ಸರಿ. ಈಗ ಗುರುತು ಹೇಳ್ರಿ" ಎಂದರು. ಅರ್ಧ ನಿಮಿಷಕ್ಕಿಂತ ಹೆಚ್ಚು ಹೋಗಿತ್ತು.

ನಾನು ಬಾಯಿ ತೆರೆದೆ. ಒಂದೂ ಹೊರಡಲಿಲ್ಲ. ಒಂದು ವಾರ ಓದಿದ್ದೆ ನಿಜ. ಆದರೆ ಕಾಗದ ನೋಡಿ ಓದಿದ್ದೆ. ಕಾಗದವಿಲ್ಲದೆ ನನ್ನ ತಲೆ ಆ ಚೀಟಿಗಳ ಹಾಗೆಯೇ ಆಗಿತ್ತು, ನಟ್ಟನಡುವೆ ದುಂಡು ಸಿಕ್ಕಾ.

"ಮೊದಲ ರೊಟ್ಟಿ ಏಳು ಬಿ ಮೂರು ಸೊನ್ನಿ" ಎಂದಳು ಅವ್ವ.

ಎಲ್ಲರೂ ಅವಳ ಕಡೆ ತಿರುಗಿದೆವು. ಅವ್ವ ಅರಿವೆ ಬಿಚ್ಚಿ, ಒಂದು ರೊಟ್ಟಿ ತೆಗೆದು ಸರಳುಗಳ ನಡುವೆ ಅಡ್ಡ ಹಿಡಿದಿದ್ದಳು. ಗಂಟು ಒಳಗೆ ಹೋಗುವಂತಿರಲಿಲ್ಲ. ಬಿಡಿ ರೊಟ್ಟಿ ಹೋಗುತ್ತಿತ್ತು.

ಮೇಷ್ಟ್ರು ಹಾಳೆ ನೋಡಿದರು. ಕನ್ನಡಕ ಏರಿಸಿದರು. "ಬರೋಬರಿ ಅದ್ರಿ. ಆದ್ರ ಕೀಲಿ ಯಾರ್ದು, ನಿಮ್ದೋ ಅವರ್ದೋ? ಕೀಲಿ ಇದ್ದವ್ರೇ ಹೇಳ್ಬೇಕು. ನಿಯಮ."

"ಹೇಳಂತಾರಲ್ಲ, ಹೇಳು!" ಎಂದು ಅವ್ವ ನನ್ನ ಬೆನ್ನಿಗೆ ಗುದ್ದಿದಳು.

"ಏಳು ಬಿ ಮೂರು ಸೊನ್ನೆ" ಎಂದೆ. ಗುದ್ದಿದ ರಭಸಕ್ಕೆ ನಿಜವಾಗಿಯೂ ನೆನಪಾಯಿತು. ಮೇಷ್ಟ್ರು ರೊಟ್ಟಿ ಒಳಗೆ ಎಳೆದುಕೊಂಡು ಹಾಳೆಯ ಮೇಲೆ ಟಿಕ್ ಹಾಕಿದರು.

"ಎರಡನೇದು. ಸಿ ಸಿ ಒಂದು ಎಂಟು."

"ಸಿ ಸಿ ಒಂದು ಎಂಟು."

ಟಿಕ್. ರೊಟ್ಟಿ. ಹೀಗೆ ಮೂರು, ನಾಲ್ಕು, ಐದು. ಅವ್ವ ಸುರು ಮಾಡಿಕೊಡುವಳು, ನಾನು ಮುಗಿಸುವೆ. ಆರನೆಯದಕ್ಕೆ ಅವಳಿಗಿಂತ ಮೊದಲು ನಾನೇ ಹೇಳಿಬಿಟ್ಟೆ, "ರೊಟ್ಟಿ ಹೋಗ್ಲಿ ತಡಿ!" ಎಂದು ಬೈದಳು. ಪಕ್ಕದ ಸೀಟಿನ ಪ್ರಯಾಣಿಕನೊಬ್ಬ, ಇದು ಯಾವುದೋ ಹರಕೆ ಎಂದುಕೊಂಡನೋ ಏನೋ, ಮೇಷ್ಟ್ರ ಕೈಯಿಂದ ರೊಟ್ಟಿಗಳನ್ನು ಭಕ್ತಿಯಿಂದ ಇಸಿದುಕೊಂಡು ಪೇರಿಸತೊಡಗಿದ. ಚಹಾ ಮಾರುವವನು ಕೆಟಲು ಕೆಳಗಿಟ್ಟು ಎಣಿಸತೊಡಗಿದ.

ಎಂಟನೆಯದಕ್ಕೆ ರೈಲು ಕೂಗಿತು. ಒಂಬತ್ತನೆಯದಕ್ಕೆ ಅಲುಗಿತು. ನಾವು ಕಿಟಕಿಯ ಜೊತೆ ನಡೆಯತೊಡಗಿದೆವು. ಹತ್ತನೆಯ ರೊಟ್ಟಿಯನ್ನು ಅವ್ವ ಎತ್ತಿ ಹಿಡಿದಳು, ಅದು ಸರಳಿಗೆ ಬಡಿದು ಟಳ್ ಎಂದು ಎರಡಾಗಿ ಪ್ಲಾಟ್‌ಫಾರ್ಮಿಗೆ ಬಿತ್ತು.

ಅವ್ವನ ಬಾಯಿಯೂ ನಿಂತುಹೋಯಿತು. ಅವಳ ಕಡೆ ನೋಡಿದ ನನ್ನದೂ ನಿಂತಿತು. ಕೊನೆಯ ನಾಲ್ಕು ಅಕ್ಷರ! ಮೂವತ್ತಾರು ಹೇಳಿದವಳನ್ನು ಯಾರೂ ತೊಂಬತ್ತು ಪ್ರತಿಶತ ಪಾಸು ಎನ್ನುವುದಿಲ್ಲ. ಈ ಪರೀಕ್ಷೆಯಲ್ಲಿ ನಲವತ್ತು ಇಲ್ಲವೇ ಸೊನ್ನೆ.

ಆದರೆ ನಮ್ಮ ಮನೆಯಲ್ಲಿ ಬುತ್ತಿಯ ರೊಟ್ಟಿಯನ್ನು ಲೆಕ್ಕಕ್ಕೆ ಸರಿಯಾಗಿ ಕಟ್ಟುವುದಿಲ್ಲ. ಹತ್ತು ಎಂದರೆ ಹನ್ನೊಂದು. ಮೇಲಿನದೊಂದು ದಾರಿಯಲ್ಲಿ ಎದುರಾದವರಿಗೆ, ನಾಯಿಗೆ, ಯಾರಿಗಾದರೂ. ಅವ್ವ ಅರಿವೆಯ ತಳದಿಂದ ಅದನ್ನು ತೆಗೆದು, ಓಡುತ್ತ, ತೋಳು ಚಾಚಿ ಕಿಟಕಿಯೊಳಗೆ ತಳ್ಳಿದಳು. ರೊಟ್ಟಿ ಹೋದದ್ದೇ ತಡ ಇಬ್ಬರ ಬಾಯಿಂದಲೂ ಒಟ್ಟಿಗೆ ಹೊರಟಿತು:

"ನಾಲ್ಕು ಎಫ್ ಎಫ್ ಎರಡು!"

ಮೇಷ್ಟ್ರು ಪೆನ್ಸಿಲು ಎತ್ತಿ ಗಾಳಿಯಲ್ಲೇ ಟಿಕ್ ಹಾಕಿ ತೋರಿಸಿದರು. ಅವ್ವ ಹಿಂಡಿಯ ಡಬ್ಬಿಯನ್ನೂ ಹಿಂದೆಯೇ ತೂರಿಸಿದಳು. ಹಿಂದಿನಿಂದ ಫೈಲು ಬೀಸುತ್ತ ಓಡಿಬಂದ ಮಾವ, ರೈಲು ದೂರವಾಗುವ ತನಕ ಕೂಗಿದರು: "ಸರ್! ಸರ್ಟಿಫಿಕೇಟ್ ಪೋಸ್ಟಿಗಿ ಹಾಕ್ರಿ ಸರ್!"

"ಇದಕ್ಕ ಸರ್ಟಿಫಿಕೇಟ್ ಕಾಗದ ಇರಂಗಿಲ್ರೀ!" ಎಂಬ ಉತ್ತರ ಗಾಳಿಯಲ್ಲಿ ಬಂತು. ನನ್ನ ರೇಷನ್ ಕಾರ್ಡು, ಟೀಸಿ, ನಡತೆ ಪ್ರಮಾಣಪತ್ರ ಎಲ್ಲ ಚೆನ್ನೈಗೆ ಹೋದವು. ವಾರದ ನಂತರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ತಿರುಗಿ ಬಂದವು, ಆದಾಯ ಪ್ರಮಾಣಪತ್ರಕ್ಕೆ ಸ್ವಲ್ಪ ಹಿಂಡಿ ಮೆತ್ತಿತ್ತು.

ಕೀಲಿಗೆ ಅವರ ಸಹಿ ಮೂರನೆಯ ದಿನವೇ ಬಂದಿತ್ತು. ಆಮೇಲೆ ಆ ಸ್ವಯಂಸೇವಕರ ತಂಡದ ಪ್ರಶ್ನೆಗಳು, ನನ್ನ ಉತ್ತರಗಳು, ಕಾಯುವುದು. ಗಡುವಿಗೆ ನಾಲ್ಕು ದಿನ ಇರುವಾಗ, ಶಹಾಪುರದ ಕೇಂದ್ರದಲ್ಲಿ ಮಧ್ಯಾಹ್ನದ ಬ್ಯಾಚಿನ ನಡುವೆ, ಹಕ್ಕು ಸಿಕ್ಕಿತು ಎಂಬ ಎರಡು ಸಾಲಿನ ಮಿಂಚಂಚೆ ಬಂತು. ಅದೇ ಕುರ್ಚಿಯಲ್ಲಿ ಕೂತು ಪ್ಯಾಕೇಜ್ ಕಳಿಸಿದೆ. ಚೀಟಿಯಲ್ಲಿ "ಅನಾಥ" ಹೋಗಿ ನನ್ನ ಹೆಸರು ಬಂತು. ಅಕ್ಷರಗಳು ಮತ್ತೆ ಕೆಳಗೆ ಬೀಳತೊಡಗಿದವು. ಹುಡುಗಿಯರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮನೆಯಲ್ಲಿ ಹೇಳಿದರೆ ಮಾವ, "ಕಾಗದ?" ಎಂದರು. ಇಲ್ಲ ಎಂದೆ. "ಅಂದಮ್ಯಾಲ ಆಗಿಲ್ಲ" ಎಂದರು. ಐದು ತಿಂಗಳು ಅದೇ ಮಾತು. ಬೀಗರು ಬಂದಾಗ, "ಹುಡುಗಿ ಏನೋ ಮಾಡ್ತಾಳ, ಇನ್ನೂ ಮಂಜೂರಾಗಿಲ್ಲ" ಎಂದು ಪರಿಚಯಿಸುತ್ತಿದ್ದರು.

ಬೇಸಿಗೆಯಲ್ಲಿ ಮೇಷ್ಟ್ರು ಚೆನ್ನೈಯಿಂದ ಸೊಲ್ಲಾಪುರಕ್ಕೆ ಹೊರಟರು. ಮತ್ತೆ ಯಾದಗಿರಿ, ಮತ್ತೆ ಎರಡು ನಿಮಿಷ. ಮತ್ತೆ ಮೂವರೂ ಹೋದೆವು, ಮತ್ತೆ ರೊಟ್ಟಿ. ಈ ಸಲ ಒಂದೂ ಮುರಿಯಲಿಲ್ಲ, ಅವಸರ ಇರಲಿಲ್ಲವಲ್ಲ. ಮೇಷ್ಟ್ರು ಕಿಟಕಿಯಿಂದ ನಮ್ಮ ಸ್ಟೀಲ್ ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟರು. "ಖಾಲಿ ಕೊಡಬಾರ್ದಲ್ರೀ" ಎಂದರು, ಮಾವನ ಕಡೆ ನೋಡಿ ನಗುತ್ತ.

ರೈಲು ಹೋದ ಮೇಲೆ ಅವ್ವ ಮುಚ್ಚಳ ತೆಗೆದಳು. ಒಳಗೆ ಸುರುಳಿ ಸುತ್ತಿದ ನಾಲ್ಕು ಹಾಳೆ. ನನ್ನ ಕೀಲಿ, ಅದರ ಮೇಲೆ ಅವರ ಸಹಿ, ಎಲ್ಲವನ್ನೂ ಕಂಪ್ಯೂಟರಿನ ಭಾಷೆಯಲ್ಲೇ ಮುದ್ರಿಸಿದ್ದರು: ಅಕ್ಷರ, ಅಂಕಿ, ಚಿಹ್ನೆ, ಒತ್ತೊತ್ತಾಗಿ, ಎಲ್ಲೂ ಉಸಿರು ಬಿಡಲು ಜಾಗವಿಲ್ಲ. ನಮ್ಮ ಕಸುಬಿನಲ್ಲಿ ಇದನ್ನೇ ಪ್ರಮಾಣಪತ್ರ ಎನ್ನುವುದು ಎಂದು ಮಾವನಿಗೆ ವಿವರಿಸಿದೆ. ಕೊನೆಯ ಹಾಳೆಯ ಕೆಳಗೆ, ಬದಿಗೆ, ಯಾವ ಅಕ್ಷರಕ್ಕೂ ತಾಗದಂತೆ, ಒಂದು ದುಂಡು ಸಿಕ್ಕಾ ಇತ್ತು. ಮಗಳ ಮನೆಯ ಅಪಾರ್ಟ್‌ಮೆಂಟ್ ಸಂಘದ್ದು.

ಮಾವ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಗಳನ್ನು ನನ್ನ ಕೈಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅವ್ವನ ಕೈಗೆ ಕೊಟ್ಟರು.

ಅವ್ವ ಒಂದೊಂದೇ ಹಾಳೆ ತಿರುವಿದಳು. ಮೇಲಿನಿಂದ ಕೆಳಗಿನ ತನಕ ಬೆರಳಾಡಿಸಿದಳು. ನಾಲ್ಕನೆಯದು ಮುಗಿಸಿ ನನ್ನ ಮುಖ ನೋಡಿ ಕೇಳಿದಳು:

"ಇದಿಷ್ಟೂ ಹೇಳ್ಬೇಕೇನು? ಹಂಗಾದ್ರ ಒಂದು ಚೀಲ ಜ್ವಾಳ ಬೀಸ್ಕೊಂಡು ಬರ್ಬೇಕಾಗ್ತದ."